ತಿರುವಿನಲ್ಲಿ ಗಾಡಿ ಯಾರ ಮಾತು ಕೇಳಬೇಕು?

ಹೋದ ತಿಂಗಳು ಅಪ್ಪನ ಮಾರುತಿ ಎಸ್ಟೀಮ್ ಮಾರಿದೆವು. ಮಾರುವ ಒಂದು ವಾರ ಮುಂಚೆ ನಾನು ಸುಮಾರು 11,000 ರೂಪಾಯಿ ಖರ್ಚು ಮಾಡಿ, ಇಡೀ ಭಾನುವಾರ ಚಿತ್ರದುರ್ಗದ ಗ್ಯಾರೇಜಿನಲ್ಲಿ ಕೂತು ಅದನ್ನು ಕೆಡಿಸಿದೆ. ಕೆಡಿಸಿದೆ ಅನ್ನೋದು ನನ್ನ ಮಾತಲ್ಲ, ಆಫೀಸಿನ ಗೆಳೆಯರದ್ದು. ಮಾರೋ ಗಾಡಿಗೆ ಪಾಲಿಶ್ ಹೊಡೆಸೋರನ್ನ ನೋಡಿದ್ದೀವಿ, ಸೀಟ್ ಕವರ್ ಹಾಕಿಸೋರನ್ನ ನೋಡಿದ್ದೀವಿ, ಚೆನ್ನಾಗಿ ತಿರುಗ್ತಿದ್ದ ಗಾಡೀನ ದುಡ್ಡು ಕೊಟ್ಟು ಸೋಮಾರಿ ಮಾಡೋನನ್ನ ಇದೇ ಮೊದಲು ನೋಡ್ತಿರೋದು ಅಂತ ನಕ್ಕರು. ನಾನೂ ನಕ್ಕೆ. ಪೂರ್ತಿ ಕಥೆ ಅವರಿಗೆ ಹೇಳಿರಲಿಲ್ಲ.

ಅದು 2002ರ ಗಾಡಿ. ಅಪ್ಪ ಸರ್ಕಾರಿ ಬಸ್ ಡ್ರೈವರ್ ಆಗಿದ್ದವರು. 2008ರಲ್ಲಿ ರಿಟೈರ್ ಆದಾಗ ಕೈಗೆ ಬಂದ ದುಡ್ಡಲ್ಲಿ ದಾವಣಗೆರೆಯಿಂದ ಸೆಕೆಂಡ್ ಹ್ಯಾಂಡ್ ತಂದರು. 1298 ಸಿಸಿ ಎಂಜಿನ್, ತೂಕ 900 ಕೆಜಿಗೂ ಕಡಿಮೆ. ಇವತ್ತಿನ ಎಸ್‌ಯುವಿಗಳ ಪಕ್ಕ ನಿಲ್ಲಿಸಿದರೆ ಬೊಂಬೆ ಥರ ಕಾಣುತ್ತೆ. ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಜಾರಿದರೆ ಹಿಡಿಯುವ ಎಲೆಕ್ಟ್ರಾನಿಕ್ಸ್ ಯಾವುದೂ ಇಲ್ಲ. ಕಂಪನಿ ಆ ಮಾಡೆಲ್ ನಿಲ್ಲಿಸಿದ್ದು 2007ರಲ್ಲಿ, ಅಂದರೆ ನಮ್ಮ ಮನೆಗೆ ಬರುವ ಹೊತ್ತಿಗೇ ಅದು ಹಳೇ ಗಾಡಿ. 15 ವರ್ಷ ಆದಮೇಲೆ 2017ರಲ್ಲಿ ಒಂದು ಸಲ, 2022ರಲ್ಲಿ ಇನ್ನೊಂದು ಸಲ ಆರ್‌ಸಿ ರಿನ್ಯೂ ಮಾಡಿಸಿದ್ವಿ. ಯಾಕಪ್ಪಾ ಇದನ್ನ ಇಟ್ಕೊಂಡಿದ್ದೀರ ಅಂತ ನಾನು ಕೇಳಿದಾಗೆಲ್ಲ ಅಪ್ಪ ಕೊಡುತ್ತಿದ್ದ ಉತ್ತರ ಒಂದೇ: "ನನ್ ಮಾತು ಕೇಳ್ತೈತೆ."

ಆ ಮಾತನ್ನ ನಾನು ಗಂಭೀರವಾಗಿ ತಗೊಂಡಿರಲಿಲ್ಲ.

ನಿಮ್ಮಲ್ಲಿ ಕಾರು ಓಡಿಸೋರಿಗೆ ಇದು ಅನುಭವಕ್ಕೆ ಬಂದಿರುತ್ತೆ, ಹೆಸರು ಗೊತ್ತಿರಲಿಕ್ಕಿಲ್ಲ. ಮುಂದಿನ ಚಕ್ರಕ್ಕೆ ಪವರ್ ಕೊಡುವ ಕಾರನ್ನು ಸ್ವಲ್ಪ ಜೋರಾಗಿ ತಿರುವಿಗೆ ಹಾಕಿದರೆ, ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಗಾಡಿ ಅಷ್ಟು ತಿರುಗಲ್ಲ, ಮೂತಿ ಹೊರಗಡೆಗೇ ಎಳೆಯುತ್ತೆ. ಇದು ಅಂಡರ್‌ಸ್ಟಿಯರ್. ಕಾರಣ ಸರಳ. ಎಂಜಿನ್ನು, ಗೇರ್‌ಬಾಕ್ಸು ಎಲ್ಲ ಮುಂದೆ, ಹಾಗಾಗಿ ಭಾರದ ದೊಡ್ಡ ಪಾಲೂ ಮುಂದೆ. ಎಳೆಯೋ ಕೆಲಸ ಮುಂದಿನ ಟೈರಿನದ್ದು, ತಿರುಗಿಸೋ ಕೆಲಸ ಮುಂದಿನ ಟೈರಿನದ್ದು, ಬ್ರೇಕಿನ ಹೆಚ್ಚಿನ ಹೊರೆಯೂ ಅದಕ್ಕೇ. ಟೈರಿಗೆ ರಸ್ತೆ ಮೇಲಿರೋ ಹಿಡಿತ ಒಂದು ಸಂಬಳ ಇದ್ದ ಹಾಗೆ. ಎಳೆಯೋದಕ್ಕೆ ಖರ್ಚು ಮಾಡಿದ್ದು ತಿರುಗೋದಕ್ಕೆ ಉಳಿಯಲ್ಲ. ಹಿಂದಿನ ಎರಡು ಚಕ್ರ ಮಾತ್ರ ಆರಾಮಾಗಿ ಉರುಳಿಕೊಂಡು ಬರ್ತಿರುತ್ತವೆ, ಮದುವೆ ಮನೆಗೆ ಊಟದ ಹೊತ್ತಿಗೆ ಬರೋ ನೆಂಟರ ಥರ.

ವೇಗದ ಲೆಕ್ಕವನ್ನೂ ಇಲ್ಲೇ ಹೇಳಿಬಿಡ್ತೀನಿ. ಒಂದೇ ತಿರುವನ್ನು 40ರ ಬದಲು 60ರಲ್ಲಿ ತಗೊಂಡರೆ ಟೈರಿನ ಮೇಲೆ ಬೀಳೋ ಬೇಡಿಕೆ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ವೇಗದ ವರ್ಗ. ಇದು ಗೊತ್ತಿಲ್ಲದೆ ನಾವೆಲ್ಲ "ಇಪ್ಪತ್ತು ತಾನೇ ಜಾಸ್ತಿ" ಅಂದ್ಕೊಂಡು ಓಡಿಸ್ತೀವಿ.

ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುವವನಿಗೆ ವೀಕೆಂಡಿಗೊಂದು ಹುಚ್ಚು ಬೇಕಲ್ಲ. ನನಗೆ ಈ ಎಸ್ಟೀಮ್ ಹಿಡಿಯಿತು. ಒಂದು ಕಾಲಕ್ಕೆ ನಮ್ಮ ದೇಶದ ರ‍್ಯಾಲಿಗಳಲ್ಲಿ ಓಡುತ್ತಿದ್ದ ಗಾಡಿ ಇದು ಅಂತ ಗೊತ್ತಾದ ಮೇಲಂತೂ ನಿದ್ದೆಗೆಟ್ಟು ಓದಿದೆ. ಓದಿದ್ದರಲ್ಲಿ ಒಂದು ಸಂಗತಿ ಇವತ್ತಿಗೂ ತಲೆಯಿಂದ ಹೋಗಿಲ್ಲ.

ಗಾಡಿ ತಿರುವಿನಲ್ಲಿ ಹೋಗುವಾಗ ಒಳಗಿನ ಚಕ್ರಗಳ ಮೇಲಿದ್ದ ಭಾರ ಹೊರಗಿನ ಚಕ್ರಗಳಿಗೆ ದಾಟುತ್ತೆ. ಒಟ್ಟು ಎಷ್ಟು ದಾಟುತ್ತೆ ಅನ್ನೋದನ್ನ ಗಾಡಿಯ ತೂಕ, ಗುರುತ್ವಕೇಂದ್ರದ ಎತ್ತರ, ಎಡ-ಬಲ ಚಕ್ರಗಳ ನಡುವಿನ ಅಗಲ, ತಿರುವನ್ನು ಎಷ್ಟು ಜೋರಾಗಿ ತಗೊಂಡ್ರಿ ಅನ್ನೋದು ಹೆಚ್ಚುಕಮ್ಮಿ ತೀರ್ಮಾನ ಮಾಡುತ್ತೆ. ಸ್ಪ್ರಿಂಗ್ ಅಲ್ಲ. ಎಂಥಾ ದುಬಾರಿ ಸಸ್ಪೆನ್ಷನ್ ಹಾಕಿಸಿದರೂ ಆ ಒಟ್ಟು ಮೊತ್ತ ಹೆಚ್ಚು ಬದಲಾಗಲ್ಲ. ಸ್ಪ್ರಿಂಗಿನ ಕೈಲಿರೋದು ಹಂಚಿಕೆ ಮಾತ್ರ: ದಾಟುವ ಭಾರದಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು. ಯಾವ ಕಡೆ ಗಟ್ಟಿ ಮಾಡ್ತೀರೋ ಆ ಕಡೆಗೆ ಜಾಸ್ತಿ ಪಾಲು. ಜಾಸ್ತಿ ಪಾಲು ಬಿದ್ದ ಕಡೆ ಹಿಡಿತ ಕಡಿಮೆ. ಯಾಕಂದ್ರೆ ಟೈರು ಕೂಲಿಯವರ ಥರ. ಇಬ್ಬರ ತಲೆ ಮೇಲೆ ಮೂವತ್ತು-ಮೂವತ್ತು ಕೆಜಿ ಹೊರಿಸಿದರೆ ಆಗುವ ಕೆಲಸ, ಒಬ್ಬನಿಗೆ ಐವತ್ತು ಇನ್ನೊಬ್ಬನಿಗೆ ಹತ್ತು ಹೊರಿಸಿದರೆ ಆಗಲ್ಲ. ಒಟ್ಟು ಅರವತ್ತೇ ಆದರೂ ಆಗಲ್ಲ.

ಅಂದ್ರೆ ಅಂಡರ್‌ಸ್ಟಿಯರ್ ಕಡಿಮೆ ಮಾಡಬೇಕಾ? ಹಿಂದೆ ಗಟ್ಟಿ ಮಾಡಿ. ಊಟಕ್ಕೆ ಬಂದ ನೆಂಟರ ಕೈಗೂ ಒಂದು ಕೊಡ ಕೊಡಿ. ಮುಂದಿನವರು ಹಗುರಾಗ್ತಾರೆ, ಮೂತಿ ಹೇಳಿದ ಕಡೆ ಹೋಗುತ್ತೆ.

ನಮ್ಮ ಗ್ಯಾರೇಜ್ ಭಾಯ್ ಒಪ್ಪಲಿಲ್ಲ. "ಹಿಂದೆ ಹೊಡಿತೈತೆ ಸಾರ್, ಬ್ಯಾಡ" ಅಂದರು. ಅವರು ಓವರ್‌ಸ್ಟಿಯರ್ ಅನ್ನೋ ಪದ ಬಳಸಲ್ಲ, ಅವರ ಪದ ಇನ್ನೂ ಚೆನ್ನಾಗಿದೆ. ನಾನು ಕೇಳಲಿಲ್ಲ. ಹಿಂದಕ್ಕೆ ಗಟ್ಟಿ ಸ್ಪ್ರಿಂಗ್, ಹೊಸ ಶಾಕ್ಸ್ ಹಾಕಿಸಿದೆ, ಹಿಂದಿನ ಟೈರಿಗೆ ಮುಂದಿನದಕ್ಕಿಂತ ನಾಲ್ಕು ಪಿಎಸ್ಐ ಜಾಸ್ತಿ ಗಾಳಿ ಹೊಡೆಸಿದೆ. ಹಳೇ ಸ್ಪ್ರಿಂಗುಗಳನ್ನು ಭಾಯ್ ಒಂದು ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ, "ಮನೆಯಾಗೆ ಇಟ್ಕಳಿ, ಬೇಕಾಗ್ತವೆ" ಅಂತ ಕೊಟ್ಟರು.

ಮುಂದಿನ ಭಾನುವಾರ ಬೆಳಗಿನ ಆರಕ್ಕೆ ಹಿರಿಯೂರಿನಿಂದ ಹೊಸದುರ್ಗದ ದಾರಿ ಹಿಡಿದೆ. ವಾಣಿ ವಿಲಾಸ ಸಾಗರದ ಹತ್ತಿರ ಗುಡ್ಡಗಳು ರಸ್ತೆಗೆ ಒತ್ತಿಕೊಂಡು ಬರುವ ಜಾಗ. 1907ರಲ್ಲಿ ವೇದಾವತಿಗೆ ಕಟ್ಟಿದ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲೇ, 89 ವರ್ಷ ಆದಮೇಲೆ. ಆಗ ಈ ರಸ್ತೆಯಲ್ಲಿ ಜಾತ್ರೆ. ಆ ಬೆಳಿಗ್ಗೆ ಮಾತ್ರ ಒಂದು ಹಾಲಿನ ಗಾಡಿ ಬಿಟ್ಟರೆ ಯಾರೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಅಂಥ ಖುಷಿ ನನಗೆ ಯಾವ ಪ್ರಮೋಷನ್ನೂ ಕೊಟ್ಟಿಲ್ಲ. ಸ್ಟೀರಿಂಗ್ ಮುಟ್ಟಿದರೆ ಸಾಕು, ಗಾಡಿ ಸೊಂಟ ತಿರುಗಿಸಿ ಒಳಕ್ಕೆ ಬರುತ್ತಿತ್ತು. ಆಕ್ಸಿಲರೇಟರಿಂದ ಕಾಲು ಸ್ವಲ್ಪ ಎತ್ತಿದರೆ ಮೂತಿ ಇನ್ನೂ ಒಳಗೆ. ಕಾಲಲ್ಲೇ ತಿರುಗಿಸಬಹುದು! ಇಪ್ಪತ್ತು ವರ್ಷದ ಗಾಡಿಗೆ ಪ್ರಾಯ ಬಂದಿತ್ತು.

ಅಪ್ಪ ಅದೇ ವಾರ ಓಡಿಸಿ ಫೋನ್ ಮಾಡಿದರು. "ಏನೋ, ಗಾಡಿ ಹಿಂದೆ ಗಟ್ಟಿ ಆಗೈತಲ್ಲ?"

"ಹೊಸ ಶಾಕ್ಸ್ ಹಾಕ್ಸಿದೀನಪ್ಪ" ಅಂದೆ.

ಇದು ಸುಳ್ಳಲ್ಲ, ನೋಡಿ. ಹೊಸ ಶಾಕ್ಸ್ ಹಾಕಿಸಿದ್ದು ನಿಜ.

ಜೂನ್ ಮೊದಲ ವಾರ ಅಪ್ಪ-ಅಮ್ಮ ಹೊಸದುರ್ಗದ ಹತ್ತಿರ ಒಂದು ಮದುವೆಗೆ ಹೋಗಿದ್ದರು. ವಾಪಸ್ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬರೋದು. ಅಪ್ಪ ಸರ್ವಿಸಿನಲ್ಲಿದ್ದಾಗ ವರ್ಷಗಟ್ಟಲೆ ಬಸ್ ಓಡಿಸಿದ ರೂಟು ಅದು. ಯಾವ ಊರಿನ ಹಂಪ್ ಎಲ್ಲಿದೆ, ಯಾವ ಹುಣಸೆ ಮರದ ಹಿಂದಿನಿಂದ ಟ್ರ್ಯಾಕ್ಟರ್ ನುಗ್ಗುತ್ತೆ ಎಲ್ಲ ಗೊತ್ತು. ಸಂಜೆ ಮೊದಲ ಮಳೆ ಬಿದ್ದು ನಿಂತಿತ್ತು. ಮೊದಲ ಮಳೆಯ ರಸ್ತೆ ಹೇಗಿರುತ್ತೆ ಅಂತ ಬೈಕ್ ಓಡಿಸುವವರಿಗೆ ಹೇಳಬೇಕಿಲ್ಲ, ತಿಂಗಳಾನುಗಟ್ಟಲೆ ಕೂತ ಎಣ್ಣೆ, ಧೂಳು ಎಲ್ಲ ಮೇಲೆದ್ದು ಸೋಪಿನ ನೀರು ಹರಡಿದ ಹಾಗೆ. ಒಂದು ತಿರುವಿನ ಮಧ್ಯೆ ಕುರಿ ಮಂದೆ ಅಡ್ಡ ಬಂತು. ಜೊತೆಗೊಬ್ಬ ಹುಡುಗ.

ಅಪ್ಪ ಯಾರು ಬೇಕಾದರೂ ಮಾಡುವುದನ್ನೇ ಮಾಡಿದರು. ಆಕ್ಸಿಲರೇಟರಿಂದ ಕಾಲೆತ್ತಿದರು.

ಕಾಲೆತ್ತಿದ ಕೂಡಲೇ ಭಾರ ಮುಂದಕ್ಕೆ ಹೋಗುತ್ತೆ. ಹಿಂದಿನ ಚಕ್ರ ಹಗುರಾಗುತ್ತೆ. ಕಂಪನಿ ಕೊಟ್ಟ ಸ್ಪ್ರಿಂಗ್ ಇದ್ದಿದ್ದರೆ ಮೂತಿ ಸ್ವಲ್ಪ ಒಳಕ್ಕೆ ಎಳೆದುಕೊಂಡು, ಗಾಡಿ ನಿಧಾನ ಆಗಿ, ಅಪ್ಪ ಕುರಿ ಕಾಯೋ ಹುಡುಗನಿಗೆ ಎರಡು ಮಾತು ಬೈದು ಮುಂದಕ್ಕೆ ಬರುತ್ತಿದ್ದರು. ನಾನು ಹಾಕಿಸಿದ ಸ್ಪ್ರಿಂಗಿಗೆ ಹಿಂದಿನ ಟೈರಿನಲ್ಲಿ ಉಳಿದದ್ದೇ ಕಮ್ಮಿ, ಅದೂ ಒದ್ದೆ ರಸ್ತೆ. ಹಿಂಭಾಗ ಬೀಸಿತು. ಗಾಡಿ ಒಂದು ಸುತ್ತು ತಿರುಗಿ, ಬಂದ ದಾರಿಗೇ ಮುಖ ಮಾಡಿ, ಹೊಲದ ಬದುವಿಗೆ ತಾಗಿ ನಿಂತಿತು. ಅಮ್ಮನ ಬಳೆ ಒಡೆದು ಮಣಿಕಟ್ಟು ಕುಯ್ದಿತ್ತು. ಡಿಕ್ಕಿ ಆ ಹುಡುಗನನ್ನು ದಾಟಿಕೊಂಡು ಹೋದದ್ದು ಒಂದೂವರೆ ಮಾರು ದೂರದಲ್ಲಿ ಅಂತ ಅಪ್ಪ ಹೇಳಿದರು. ಎರಡೂ ಕೈ ಚಾಚಿ ತೋರಿಸಿದರು.

ಆಮೇಲೆ ನಡೆದದ್ದನ್ನು ಬರೆಯೋದಕ್ಕೇ ನಾನು ಈ ಅಂಕಣಕ್ಕೆ ಕೂತಿದ್ದು.

ಅಪ್ಪ ಕೀ ತಂದು ದೇವರ ಮನೆ ಮೊಳೆಗೆ ನೇತುಹಾಕಿದರು. "ಆ ಗಾಡಿ ಹಂಗೆ ಮಾಡೋದಲ್ಲ. ನನ್ ಕೈ ತಪ್ತು" ಅಂದರು. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಬಿಪಿ ತೋರಿಸಿದರು. ಕೈ ನಡುಗುತ್ತಾ ಅಂತ ಅಮ್ಮನ ಮುಂದೆ ಲೋಟದಲ್ಲಿ ನೀರು ಹಿಡಿದು ನೋಡಿಕೊಂಡರಂತೆ. ಮಾರ್ಕೆಟ್ಟಿಗೆ ಆಟೋದಲ್ಲಿ ಓಡಾಡೋಕೆ ಶುರು ಮಾಡಿದರು. ನಾನು ಎರಡು ವೀಕೆಂಡ್ ಊರಿಗೆ ಹೋಗಿ ಬಂದೆ. "ಹೋಗ್ಲಿ ಬಿಡಪ್ಪ, ವಯಸ್ಸಾಯ್ತಲ್ಲ" ಅಂದೆ. ಇದನ್ನೂ ಸುಳ್ಳು ಅಂತ ಯಾರೂ ಹೇಳೋಕಾಗಲ್ಲ, ಅವರಿಗೆ ವಯಸ್ಸಾಗಿದ್ದು ನಿಜ.

ಮೂರು ವಾರ.

ಈಗ ಪ್ರಶ್ನೆಗೆ ಬರ್ತೀನಿ. ಒಂದು ವಸ್ತುವನ್ನು ಯಾರಿಗೆ ಹೊಂದಿಸಬೇಕು? ಅದನ್ನು ಚೆನ್ನಾಗಿ ಬಳಸಬಲ್ಲವನಿಗೋ, ಅಥವಾ ಗಾಬರಿಯಾದ ಕ್ಷಣದಲ್ಲಿ ಅದು ಕೈಯಲ್ಲಿರುವವನಿಗೋ?

ಕಾರು ಕಂಪನಿಗಳು ಮನೆಮಂದಿ ಓಡಿಸುವ ಗಾಡಿಗಳಲ್ಲಿ ಅಂಡರ್‌ಸ್ಟಿಯರ್ ಬೇಕಂತಲೇ ಬಿಡುತ್ತವೆ. ದಡ್ಡತನಕ್ಕಲ್ಲ. ಗಾಬರಿಯಾದ ಮನುಷ್ಯ ಎರಡು ಕೆಲಸ ಮಾಡುತ್ತಾನೆ: ಕಾಲೆತ್ತುತ್ತಾನೆ, ಸ್ಟೀರಿಂಗ್ ಇನ್ನಷ್ಟು ತಿರುಗಿಸುತ್ತಾನೆ. ಮುಂದಿನ ಟೈರು ಜಾರುವ ಗಾಡಿಯಲ್ಲಿ ಕಾಲೆತ್ತುವುದು ಹೆಚ್ಚಿನ ಸಲ ಸರಿಯಾದ ಮದ್ದೇ. ಹಿಂದಿನ ಟೈರು ಜಾರುವ ಗಾಡಿಯಲ್ಲಿ ಎರಡೂ ವಿಷ. ಅಲ್ಲಿ ಬೇಕಾದದ್ದು ಹುಟ್ಟಿನಿಂದ ಬರದ, ಅಭ್ಯಾಸ ಮಾಡಿಯೇ ಬರಬೇಕಾದ ಕೈಚಳಕ. ಹಾಗಾಗಿ ಕಾರ್ಖಾನೆಯ ಸೆಟ್ಟಿಂಗ್ ಅನ್ನೋದು ಬರೀ ಎಂಜಿನಿಯರಿಂಗ್ ಅಲ್ಲ, ಮನುಷ್ಯನ ಬಗ್ಗೆ ಒಂದು ಅಭಿಪ್ರಾಯ ಕೂಡ. ಅವನು ಒಬ್ಬನೇ ಓಡಿಸಬಹುದು, ಐದು ಜನರ ಜೊತೆ ಹೊಸದುರ್ಗದಿಂದ ಡಿಕ್ಕಿ ತುಂಬ ತೆಂಗಿನಕಾಯಿ ಹೇರಿಕೊಂಡೂ ಬರಬಹುದು, ಟೈರ್ ಸವೆದಿರಬಹುದು, ನಿದ್ದೆಗಣ್ಣಲ್ಲಿರಬಹುದು. ಎಲ್ಲ ಲೆಕ್ಕ ಹಾಕಿ "ಖುಷಿ ಸ್ವಲ್ಪ ಕಮ್ಮಿ ಇರಲಿ" ಅಂತ ಯಾರೋ ಒಬ್ಬರು ತೀರ್ಮಾನ ಮಾಡಿದ್ದಾರೆ. ಸಾಫ್ಟ್‌ವೇರಿನವರಿಗೆ ಒಂದೇ ಪದ ಸಾಕು: ಡೀಫಾಲ್ಟ್.

ಡೀಫಾಲ್ಟ್ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಹಳೆಯ ಉದಾಹರಣೆ ಅಮೆರಿಕದ ಶೆವ್ರೊಲೆ ಕೊರ್ವೇರ್. ಅದು ಫ್ರಂಟ್ ವೀಲ್ ಡ್ರೈವ್ ಅಲ್ಲ, ಎಂಜಿನ್ ಹಿಂದಿದ್ದ ಕಾರು, ಆದರೆ ಪಾಠ ಒಂದೇ. 1960ರಿಂದ 63ರವರೆಗಿನ ಮಾಡೆಲ್‌ಗಳಲ್ಲಿ ಮುಂದಿನ ಆಂಟಿ-ರೋಲ್ ಬಾರ್ ಕೊಡದೆ, ಗಾಳಿಯ ಒತ್ತಡದ ವ್ಯತ್ಯಾಸದಲ್ಲಿ ಸಮತೋಲ ಕಾಯಲು ಹೊರಟರು: ಮುಂದೆ 15 ಪಿಎಸ್ಐ, ಹಿಂದೆ 26. ಪುಸ್ತಕದಲ್ಲಿ ಬರೆದಿತ್ತು. ಆದರೆ ನಾಲ್ಕೂ ಟೈರಿಗೆ ಒಂದೇ ಸಮ ಗಾಳಿ ಹೊಡೆಯುವುದು ಬಂಕಿನ ಹುಡುಗನ ಸಹಜ ಅಭ್ಯಾಸ, ಅಮೆರಿಕದಲ್ಲೂ, ಹಿರಿಯೂರಿನಲ್ಲೂ. ರಾಲ್ಫ್ ನೇಡರ್ 1965ರ ತಮ್ಮ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದನ್ನು ಹಿಡಿದು ಜಾಡಿಸಿದರು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: 1972ರಲ್ಲಿ ಅಲ್ಲಿನ ಸರ್ಕಾರದ ವರದಿ, ಆ ಕಾರು ಅದೇ ಕಾಲದ ಬೇರೆ ಕಾರುಗಳಿಗಿಂತ ಕೆಟ್ಟದ್ದೇನಲ್ಲ ಅಂದಿತು. ಇರಬಹುದು. ನನ್ನನ್ನು ಕಾಡೋದು ಕಾರಿನ ಗುಣ ಅಲ್ಲ. ಒಬ್ಬ ಮನುಷ್ಯನ ಪ್ರಾಣವನ್ನ ಅವನು ಓದದೇ ಇರಬಹುದಾದ ಒಂದು ಸಾಲಿನ ಮೇಲೆ ನಿಲ್ಲಿಸಿದ್ದು.

ನಾನು ಆ ಸಾಲನ್ನೂ ಬರೆದಿರಲಿಲ್ಲವಲ್ಲ.

ಜಾನ್ ರಾಲ್ಸ್ 1971ರ ತಮ್ಮ ಪುಸ್ತಕದಲ್ಲಿ ಒಂದು ಆಲೋಚನಾ ಪ್ರಯೋಗ ಕೊಡುತ್ತಾರೆ: ಸಮಾಜದ ನಿಯಮ ಬರೆಯುವಾಗ, ಆ ಸಮಾಜದಲ್ಲಿ ನೀವು ಯಾರಾಗಿ ಹುಟ್ತೀರಿ ಅಂತ ನಿಮಗೇ ಗೊತ್ತಿಲ್ಲ ಅಂದುಕೊಂಡು ಬರೆಯಿರಿ. ಇದನ್ನು ಗ್ಯಾರೇಜಿಗೆ ತನ್ನಿ. ಸ್ಪ್ರಿಂಗ್ ಆರಿಸುವಾಗ, ನಾಳೆ ನೀವು ಸ್ಟೀರಿಂಗ್ ಹಿಂದೆ ಇರ್ತೀರೋ, ಪಕ್ಕದ ಸೀಟಿನಲ್ಲಿ ಬಳೆ ತೊಟ್ಟು ಕೂತಿರ್ತೀರೋ, ಕುರಿ ಹಿಂದೆ ಕೋಲು ಹಿಡಿದು ನಿಂತಿರ್ತೀರೋ ಗೊತ್ತಿಲ್ಲ. ಯಾವ ಸ್ಪ್ರಿಂಗ್ ಹಾಕಿಸ್ತೀರಿ? ಉತ್ತರ ಸುಲಭ. ಸುಲಭ ಅನ್ನೋದೇ ನನಗೆ ಸ್ವಲ್ಪ ಅನುಮಾನ. ಈ ಲೆಕ್ಕ ಹಿಡಿದರೆ ಜಗತ್ತಿನ ಎಲ್ಲ ಗಾಡಿಯೂ ಸೋಮಾರಿಯಾಗಬೇಕು, ಎಲ್ಲ ಚಾಕುವೂ ಮೊಂಡಾಗಬೇಕು. ಅಂಡರ್‌ಸ್ಟಿಯರ್ ಏನು ಸಂತನಲ್ಲ. ಜೋರಾಗಿ ನುಗ್ಗಿದವನನ್ನು ಅದು ಎದುರಿನ ಲಾರಿಗೋ ಹುಣಸೆ ಮರಕ್ಕೋ ನೇರವಾಗಿ ಒಪ್ಪಿಸುತ್ತೆ. ಗಾಬರಿಯವನಿಗೇ ಎಲ್ಲವನ್ನೂ ಹೊಂದಿಸುತ್ತಾ ಹೋದರೆ ಗಾಬರಿಯಿಂದ ಹೊರಬರಲು ಯಾರಿಗೂ ಕಾರಣವೇ ಇರಲ್ಲ.

ಕಾನೂನಿನ ಮಾತು ಒಂದು ಉಸಿರಲ್ಲಿ ಮುಗಿಸ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮಾರ್ಪಾಡಿನ ಬಗ್ಗೆ ಇದೆ, ತಯಾರಕರ ಮೂಲ ನಮೂನೆಯಿಂದ ಬೇರೆಯಾಗುವಂತೆ ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಗೊತ್ತಿದ್ದರೂ ನನ್ನನ್ನು ತಡೆಯುತ್ತಿರಲಿಲ್ಲ, ಪ್ರಾಮಾಣಿಕವಾಗಿ ಹೇಳ್ತಿದ್ದೀನಿ.

ಮೂರನೇ ವಾರ ಅಪ್ಪನಿಗೆ ಹೇಳಿದೆ. ಕೋಟೆಗೆ ಹೋಗಿದ್ದೆವು, ಅಕ್ಕನ ಮಕ್ಕಳನ್ನು ಕರೆದುಕೊಂಡು. ದುರ್ಗದ ಕೋಟೆ ಹತ್ತಿದವರಿಗೆ ನೆನಪಿರಬಹುದು, ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನೇರ ದಾರಿ ಇಲ್ಲ. ಹಾವಿನ ಥರ ತಿರುಗಿ ತಿರುಗಿ ಹೋಗಬೇಕು. ಆನೆ ಓಡಿ ಬಂದು ಬಾಗಿಲಿಗೆ ಗುದ್ದೋಕಾಗಬಾರದು ಅಂತ, ಓಡೋಕೆ ಜಾಗವೇ ಸಿಗಬಾರದು ಅಂತ ಗೈಡ್‌ಗಳು ಮಕ್ಕಳಿಗೆ ಹೇಳ್ತಾರೆ. ಅಪ್ಪ ಅದನ್ನೇ ಹೇಳುತ್ತಿದ್ದರು: ಭಾರ ಜಾಸ್ತಿ ಇದ್ದೋರು ತಿರುವಿನಾಗೆ ವೇಗ ಬಿಡಲೇಬೇಕು, ಬಸ್ಸಾದ್ರೂ ಸೈ, ಆನೆಯಾದ್ರೂ ಸೈ. ಆಮೇಲೆ ಸುಮ್ಮನೆ, ಯಾರಿಗೂ ಅಲ್ಲದ ಹಾಗೆ ಅಂದರು: "ನಾನ್ ಬಿಟ್ಟಿದ್ದೆ ವೇಗ. ನಲವತ್ತರ ಮ್ಯಾಲಿರ್ಲಿಲ್ಲ ಅವತ್ತು. ಅದ್ಹೆಂಗೆ ತಿರುಗ್ತೋ."

ಅಲ್ಲೇ ಕಲ್ಲಿನ ಮೇಲೆ ಕೂತು ಹೇಳಿದೆ. ಸ್ಪ್ರಿಂಗು, ಗಾಳಿ, ಭಾಯ್ ಬೇಡ ಅಂದದ್ದು, ಫೋನಿನಲ್ಲಿ ಶಾಕ್ಸ್ ಅಂದದ್ದು, ಎಲ್ಲ. ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. ತುಂಬ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಹಂಗಾದ್ರೆ ನನ್ ಕೈ ತಪ್ಪಲ್ವಾ?"

"ಅಲ್ಲಪ್ಪ."

"ಅವತ್ತೇ ಹೇಳಿದ್ರೆ ನಾನೂ ಕಲೀತಿದ್ನಲ್ಲೋ. ಬಸ್ಸು, ಲಾರಿ, ಟ್ರ್ಯಾಕ್ಟರು ಎಲ್ಲಾನೂ ಕಲ್ತೋನು, ಇದೊಂದು ಕಲೀತಿರ್ಲಿಲ್ವಾ?"

ಅಲ್ಲಿಯವರೆಗೆ ನನ್ನ ತಪ್ಪು ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದು ಅಂದುಕೊಂಡಿದ್ದೆ. ಅಪ್ಪನ ಮಾತು ಕೇಳಿದ ಮೇಲೆ ಬೇರೆ ಥರ ಕಾಣುತ್ತೆ. ಅಪ್ಪ ಗಾಬರಿಯ ಡ್ರೈವರ್ ಅಲ್ಲವೇ ಅಲ್ಲ, ನನಗಿಂತ ಹತ್ತು ಪಟ್ಟು ವಾಸಿ. ಅವರಿಗೆ ಆ ಗಾಡಿಯ ಬಗ್ಗೆ ಹದಿನೈದು ವರ್ಷದ ತಿಳಿವಳಿಕೆ ಇತ್ತು, ಮೈಯಲ್ಲಿ ಕೂತ ತಿಳಿವಳಿಕೆ. ಕಾಲೆತ್ತಿದರೆ ಇದು ಇಷ್ಟು ತಿರುಗುತ್ತೆ, ಇಷ್ಟು ನಿಧಾನ ಆಗುತ್ತೆ ಅಂತ ಯೋಚನೆ ಮಾಡದೆ ಗೊತ್ತಿತ್ತು. ನಾನು ಒಂದು ಭಾನುವಾರ ಅದನ್ನೆಲ್ಲ ಸುಳ್ಳು ಮಾಡಿಬಿಟ್ಟೆ, ಅವರಿಗೆ ಗೊತ್ತಾಗದ ಹಾಗೆ. ಅವರ ಕಾಲು ನಿಜ ಹೇಳಿತು, ಗಾಡಿ ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟಿತು. ಆಮೇಲೆ ಆ ಮೂರು ವಾರ ಇನ್ನೊಂದನ್ನೂ ಸುಳ್ಳು ಮಾಡಿದೆ: ಅವರಿಗೆ ತಮ್ಮ ಕೈ ಮೇಲಿದ್ದ ನಂಬಿಕೆ. ಜಾರಿದ್ದು ಮೊದಲನೆಯ ತಪ್ಪಿಗೆ. ಲೋಟದಲ್ಲಿ ನೀರು ಹಿಡಿದು ನೋಡಿಕೊಂಡದ್ದು ಎರಡನೆಯ ತಪ್ಪಿಗೆ. ಎರಡರಲ್ಲಿ ಯಾವುದು ದೊಡ್ಡದು ಅಂತ ನನ್ನನ್ನು ಕೇಳಿದರೆ ಲೋಟದ್ದೇ ಅಂತೀನಿ. ಅಮ್ಮನ ಮಣಿಕಟ್ಟು ನೋಡಿದರೆ ಆ ಉತ್ತರವೂ ಅಷ್ಟು ಗಟ್ಟಿಯಾಗಿ ಬರಲ್ಲ.

ಅದಾದ ಮೇಲೆ ನಾವು ಮಾಡಿದ ಕೆಲಸ ಕೇಳಿದರೆ ನಗ್ತೀರಿ. ಸ್ಪ್ರಿಂಗ್ ಬದಲಾಯಿಸಲಿಲ್ಲ. ಅಪ್ಪನೇ ಬೇಡ ಅಂದರು. ಹಿಂದಿನ ಗಾಳಿ ಮಾತ್ರ ಇಳಿಸಿ, ಊರಾಚೆ ಖಾಲಿ ಬಿದ್ದಿದ್ದ ದೊಡ್ಡ ಬಯಲೊಂದರಲ್ಲಿ ಅಪ್ಪ ಆ ಗಾಡಿಯನ್ನ ಬೇಕಂತಲೇ ಜಾರಿಸಿ ಜಾರಿಸಿ ಕಲಿತರು. ಎಪ್ಪತ್ತೈದರ ಮನುಷ್ಯ. ಹಿಂದೆ ಬೀಸಿದಾಗ ಕಾಲೆತ್ತದೆ ಸ್ಟೀರಿಂಗ್ ಎದುರು ತಿರುಗಿಸಿ, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಎಳೆದುಕೊಳ್ಳೋದು. ಎರಡನೇ ಭಾನುವಾರದ ಹೊತ್ತಿಗೆ ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ಬೇಲಿ ಆಚೆ ಎಮ್ಮೆ ಕಾಯುತ್ತಿದ್ದವನೊಬ್ಬ ಇವರಿಗೆ ತಲೆ ಕೆಟ್ಟಿದೆ ಅಂತ ತೀರ್ಮಾನ ಮಾಡಿ ಎಮ್ಮೆ ಹೊಡೆದುಕೊಂಡು ದೂರ ಹೋದ.

ಹಾಗೆ ಎರಡು ವರ್ಷ ಓಡಿತು. ಈ ವರ್ಷ ಅಪ್ಪ ತಾವಾಗಿಯೇ ಸಾಕು ಅಂದರು, ಮಾರೋದು ಅಂತಾಯಿತು. ಹೊಸದುರ್ಗದ ಕಡೆಯ ಒಬ್ಬ ಹುಡುಗ ಬಂದ. ತೆಂಗಿನ ತೋಟ ಇದೆ, ಮದುವೆಯಾಗಿದೆ, ಎರಡು ಸಣ್ಣ ಮಕ್ಕಳು. ಗಾಡಿ ಸುತ್ತ ಒಂದು ಸುತ್ತು ಬಂದು ಎರಡು ಪ್ರಶ್ನೆ ಕೇಳಿದ: ಮೈಲೇಜ್ ಎಷ್ಟು, ಟೈರ್ ಹೊಸದಾ.

ಟೈರಿನ ವಿಷಯ ಬಂತು ಅಂತ ಹೇಳ್ತೀನಿ, ಇದು ನಿಮ್ಮೆಲ್ಲರಿಗೂ ಉಪಯೋಗ. ಎರಡೇ ಹೊಸ ಟೈರು ಕೊಂಡರೆ ನಮ್ಮ ಅಂಗಡಿಗಳಲ್ಲಿ ಕಣ್ಣು ಮುಚ್ಚಿ ಮುಂದೆ ಹಾಕ್ತಾರೆ, ಮುಂದಿನವು ಬೇಗ ಸವೆಯುತ್ತವಲ್ಲ ಅಂತ. ಟೈರ್ ಕಂಪನಿಗಳೇ ಹೇಳೋದು ಉಲ್ಟಾ: ಹೊಸದು ಹಿಂದಕ್ಕೆ, ಹಳೇದರಲ್ಲಿ ವಾಸಿ ಇದ್ದದ್ದು ಮುಂದಕ್ಕೆ. ಮುಂದಿನದು ಜಾರಿದರೆ ಕಾಲೆತ್ತಿ ಬಚಾವಾಗಬಹುದು, ಹಿಂದಿನದು ಜಾರಿದರೆ ಏನಾಗುತ್ತೆ ಅಂತ ಮೇಲೆ ಬರೆದಿದ್ದೀನಿ. ಟೈರ್ ಅಂಗಡಿಯವರ ಹತ್ತಿರ ಜಗಳ ಮಾಡಿ ಹಿಂದೆ ಹಾಕಿಸಿಕೊಳ್ಳಿ.

ಆ ಹುಡುಗನಿಗೆ ಹೇಳಿಬಿಟ್ಟರೆ ಸಾಕಲ್ಲ ಅಂತ ಗೆಳೆಯರು ವಾದಿಸಿದರು. ನಿಮ್ಮಪ್ಪನ ಕಥೆಯ ನೀತಿ ಅದೇ ತಾನೇ, ಹೇಳದೇ ಇದ್ದದ್ದು ತಪ್ಪು, ಈಗ ಹೇಳು, ಗಾಡಿ ಹಾಗೇ ಕೊಡು. ಅವನು ವಯಸ್ಕ, ಅವನ ತೀರ್ಮಾನ. (ಪೂರ್ತಿ ಕಥೆ ಇವರಿಗೆ ಹೇಳಿದ್ದು ಈ ಜಗಳದ ದಿನ.) ಚೆನ್ನಾಗಿರೋ ವಾದ. ನಾನು ಸೋಲುವ ಹಂತಕ್ಕೆ ಬಂದಿದ್ದೆ. ಆದರೆ ಅಪ್ಪನಿಗೆ ಹೇಳೋದಕ್ಕೂ ಗಾಡಿ ಕೊಳ್ಳುವವನಿಗೆ ಹೇಳೋದಕ್ಕೂ ವ್ಯತ್ಯಾಸ ಇದೆ. ಅಪ್ಪನಿಗೆ ಹೇಳಿದಾಗ ಎರಡು ಭಾನುವಾರ ಬಯಲಿನಲ್ಲಿ ಜೊತೆಗೆ ಕೂತೆ. ಇವನಿಗೆ ಹೇಳಿದರೆ ತಲೆ ಆಡಿಸುತ್ತಾನೆ, ಮೈಲೇಜ್ ಮತ್ತೊಂದು ಸಲ ಕೇಳುತ್ತಾನೆ. ಅವನ ತಮ್ಮ ಓಡಿಸುತ್ತಾನೆ, ಅವನಿಗೆ ಯಾರು ಹೇಳ್ತಾರೆ? ಮುಂದಿನ ವರ್ಷ ಇನ್ನೊಬ್ಬರಿಗೆ ಮಾರುತ್ತಾನೆ. ಮಾತು ಗಾಡಿ ಜೊತೆ ಹೋಗಲ್ಲ, ಸ್ಪ್ರಿಂಗ್ ಹೋಗುತ್ತೆ. ಕೊರ್ವೇರ್ ಪುಸ್ತಕದ ಆ ಸಾಲನ್ನು ನಾನು ಬಾಯಲ್ಲಿ ಹೇಳಿದ ಹಾಗಾಗುತ್ತೆ, ಅಷ್ಟೇ.

ಹಾಗಂತ ನಾನು ಗೆದ್ದೆ ಅಂತೇನೂ ಅಲ್ಲ. ಯಾವ ಗಾಡಿ ಬೇಕು ಅಂತ ಅವನನ್ನು ಕೇಳಲೇ ಇಲ್ಲ. ಅವನಿಗೆ ಏನು ಒಳ್ಳೆಯದು ಅಂತ ನಾನೇ ತೀರ್ಮಾನ ಮಾಡಿದೆ, ಅಪ್ಪನ ವಿಷಯದಲ್ಲಿ ಮಾಡಿದ ಹಾಗೇ. ದಿಕ್ಕು ಬೇರೆ, ಚಾಳಿ ಅದೇ.

ಅಟ್ಟದಿಂದ ಗೋಣಿಚೀಲ ಇಳಿಸಿಕೊಂಡು ಭಾಯ್ ಹತ್ತಿರ ಹೋದೆ. ಅವರು ಒಂದು ಮಾತೂ ಆಡದೆ ಚೀಲ ಬಿಚ್ಚಿ, ಹಳೇ ಸ್ಪ್ರಿಂಗುಗಳನ್ನು ಕಲ್ಲಿನ ಮೇಲೆ ಜೋಡಿಸಿಟ್ಟು, ಟೇಪ್ ಹಿಡಿದು ತೋರಿಸಿದರು. ಒಂದು ಇನ್ನೊಂದಕ್ಕಿಂತ ಅರ್ಧ ಇಂಚು ಕುಸಿದಿತ್ತು. ಇಪ್ಪತ್ತು ವರ್ಷ ಭಾರ ಹೊತ್ತದ್ದು, ಕಾರ್ಖಾನೆ ಕೊಟ್ಟದ್ದು ಅಂತ ಕರೆಯೋಕೆ ಅದರಲ್ಲಿ ಕಾರ್ಖಾನೆಯ ಸೆಟ್ಟಿಂಗ್ ಏನೂ ಉಳಿದಿರಲಿಲ್ಲ. ಹಾಗಾಗಿ ಜೆ.ಸಿ. ರೋಡಿನಲ್ಲಿ ಹುಡುಕಿ ಹೊಸ ಜೋಡಿ ತಂದೆ. ಸವೆದಿದ್ದ ಬುಷ್ ಬದಲಾಯಿಸಿ, ಅಲೈನ್‌ಮೆಂಟ್ ಮಾಡಿಸಿ, ನಾಲ್ಕೂ ಟೈರಿಗೆ ಪುಸ್ತಕದ ಪ್ರಕಾರ ಗಾಳಿ ಹೊಡೆಸಿದೆ. ಅದರದ್ದೇ 11,000.

ಕೊಡುವ ಹಿಂದಿನ ಸಂಜೆ ಅಪ್ಪ ಹೊಳಲ್ಕೆರೆ ರಸ್ತೆಯಲ್ಲಿ ಒಂದಿಷ್ಟು ದೂರ ಓಡಿಸಿಕೊಂಡು ಬಂದರು. ಒಂದು ತಿರುವಿನಲ್ಲಿ ಬೇಕಂತಲೇ ಕಾಲೆತ್ತಿದರು. ಗಾಡಿ ಮೂತಿ ಭಾರ ಮಾಡಿಕೊಂಡು, ಬೇಸರದಲ್ಲಿ ಅನ್ನೋ ಹಾಗೆ, ನಿಧಾನ ತಿರುಗಿತು. ಅಪ್ಪ ನನ್ನ ಕಡೆ ನೋಡಿ, "ಕೇಳ್ತೈತೆ" ಅಂದರು. ಸ್ವಲ್ಪ ದೂರ ಹೋದಮೇಲೆ "ಅದೂ ಚೆನ್ನಾಗಿತ್ತು ಬಿಡು" ಅಂದರು.

ಗಟ್ಟಿ ಸ್ಪ್ರಿಂಗುಗಳು ಮನೆಯಲ್ಲೇ ಇವೆ. ಒಂದು ಗುಜರಿಗೆ ಅಂತ ಮೂಲೆಯಲ್ಲಿ ಬಿದ್ದಿದೆ. ಇನ್ನೊಂದನ್ನು ಅಪ್ಪ ಗೇಟಿಗೆ ಒತ್ತಾಗಿ ಇಟ್ಟಿದ್ದಾರೆ, ಗಾಳಿಗೆ ಬಡಿದುಕೊಳ್ಳದಿರಲಿ ಅಂತ. ದುರ್ಗದ ಗಾಳಿ ಗೊತ್ತಲ್ಲ ನಿಮಗೆ.